ದುಬೈ, ಫ್ರಾಂಕ್‌ಫರ್ಟ್, ಲಂಡನ್: ದಾವಣಗೆರೆಯಿಂದ ಹೊರಟವರಿಗೆ ಯಾವ ಫಸ್ಟ್ ಕ್ಲಾಸ್ ಲೌಂಜ್ ಒಳ್ಳೆಯದು?

ಕಾರ್ಡ್ ಉಜ್ಜಿ 2 ರೂಪಾಯಿಗೆ ಒಳಗೆ ಹೋಗಿ ಇಡ್ಲಿ ತಿಂದು ಬರುವ ವಿಮಾನ ನಿಲ್ದಾಣದ ಲೌಂಜ್‌ಗಳ ಬಗ್ಗೆ ಇದು ಅಲ್ಲ. ಆ ವಿಷಯ ನಮ್ಮೂರ ಇಂಜಿನಿಯರಿಂಗ್ ಹುಡುಗರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳಹೊರಟಿರುವುದು ಫಸ್ಟ್ ಕ್ಲಾಸ್ ಟಿಕೆಟ್ ಇದ್ದವರಿಗಷ್ಟೇ ಬಾಗಿಲು ತೆಗೆಯುವ, ಬಿಸಿನೆಸ್ ಕ್ಲಾಸಿನವರನ್ನೂ ನಗುನಗುತ್ತಲೇ ಪಕ್ಕದ ಬಾಗಿಲಿಗೆ ಕಳಿಸುವ ಲೌಂಜ್‌ಗಳ ಬಗ್ಗೆ.

ದಾವಣಗೆರೆಯಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ ಅನ್ನಬೇಡಿ. ಪಿ.ಜೆ. ಬಡಾವಣೆಯಲ್ಲಿ ಟಿಕೆಟ್ ಮಾಡಿಕೊಡುವ ಕೆಲಸಕ್ಕೆ ಕೂತವನಿಗೆ ಗೊತ್ತು, ಕೇಳುವವರು ಇದ್ದಾರೆ. ಜೆ.ಜೆ.ಎಂ. ಮೆಡಿಕಲ್‌ನಲ್ಲಿ ಓದಿ ಅಮೆರಿಕ ಸೇರಿದ ಡಾಕ್ಟರುಗಳು ಕಾರ್ಡಿನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಮೈಲುಗಳನ್ನು (ಟಿಕೆಟ್ಟಿಗೆ ಬದಲಾಯಿಸಿಕೊಳ್ಳುವ ಪಾಯಿಂಟುಗಳು) ಒಂದೇ ಸಲ ತೆಗೆದು ಅಪ್ಪ-ಅಮ್ಮನಿಗೆ ಫಸ್ಟ್ ಕ್ಲಾಸ್ ಹಾಕಿಸುತ್ತಾರೆ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಚನ್ನಗಿರಿ ಕಡೆಯಿಂದಲೂ ಫೋನ್ ಬರುತ್ತದೆ. ಎಲ್ಲರ ಪ್ರಶ್ನೆಯೂ ಒಂದೇ: "ಟಿಕೆಟ್ಟೇನೋ ಆಯ್ತು. ಯಾವ ಊರ ಮೇಲಾಸಿ ಹೋದ್ರೆ ಚಲೋರೀ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಲೌಂಜನ್ನು ಫೋಟೊ ನೋಡಿ ಆರಿಸಬೇಡಿ. ಅಲ್ಲಿ ಎಷ್ಟು ಹೊತ್ತು ಇರುತ್ತೀರಿ, ಎಷ್ಟು ದೂರ ನಡೆಯಬೇಕಾಗುತ್ತದೆ, ನಿಮ್ಮ ಪಾಸ್‌ಪೋರ್ಟಿನಲ್ಲಿ ಯಾವ ವೀಸಾ ಇದೆ ಎಂಬುದನ್ನು ನೋಡಿ ಆರಿಸಿ. ಅಮೃತಶಿಲೆ, ಶಾಂಪೇನು, ಗೊಂಚಲು ದೀಪ ಎಲ್ಲ ಆಮೇಲೆ. ನನಗೆ ಕೇಳಿದರೆ ಅರವತ್ತೈದು ದಾಟಿದವರಿಗೆ ಚಿಕ್ಕ ಲೌಂಜೇ ಒಳ್ಳೆಯ ಲೌಂಜ್. ಫೋಟೊದಲ್ಲಿ ಮಾತ್ರ ದೊಡ್ಡದೇ ಗೆಲ್ಲುತ್ತದೆ.

ಬೆಂಗಳೂರಿನಲ್ಲಿ ಏನೂ ನಿರೀಕ್ಷಿಸಬೇಡಿ

ಹತ್ತಿರದಲ್ಲಿ ಹುಬ್ಬಳ್ಳಿ, ಶಿವಮೊಗ್ಗ ನಿಲ್ದಾಣಗಳಿದ್ದರೂ ಅವು ದೇಶದೊಳಗಿನ ವಿಮಾನಗಳಿಗೆ. ಹಾಗಾಗಿ ನಮಗೆ ದೇವನಹಳ್ಳಿಯೇ ಗತಿ. ಚಿತ್ರದುರ್ಗ, ಹಿರಿಯೂರು, ಸಿರಾ, ತುಮಕೂರು ದಾಟಿ, ನೆಲಮಂಗಲದ ಜಾಮ್ ಬೇಡವೆಂದರೆ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಿ. ಊಟ, ಕಾಫಿ ಸೇರಿ ಐದು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ.

ಎರಡನೇ ಟರ್ಮಿನಲ್ ಉದ್ಘಾಟನೆಯಾದದ್ದು 2022ರ ನವೆಂಬರ್ 11ರಂದು. ಅಂತರರಾಷ್ಟ್ರೀಯ ವಿಮಾನಗಳೆಲ್ಲ ಅಲ್ಲಿಗೆ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಬಿದಿರಿನ ಚಾವಣಿ, ಮೇಲಿಂದ ಇಳಿಬಿದ್ದ ಗಿಡಗಳು, ಕಟ್ಟಡ ನಿಜಕ್ಕೂ ಚಂದ. ಆದರೆ ದುಬೈಯಲ್ಲೋ ಫ್ರಾಂಕ್‌ಫರ್ಟಿನಲ್ಲೋ ಇರುವಂಥ, ಏರ್‌ಲೈನಿನವರದೇ ಸ್ವಂತ ಫಸ್ಟ್ ಕ್ಲಾಸ್ ಲೌಂಜ್ ಇಲ್ಲಿ ಇಲ್ಲ. ಲಕ್ಷಗಟ್ಟಲೆ ಕೊಟ್ಟ ಟಿಕೆಟ್ ಹಿಡಿದವರೂ ಹೋಗಿ ಕೂರುವುದು 080 ಲೌಂಜಿನಲ್ಲಿ, ಬೆಂಗಳೂರಿನ ಎಸ್‌ಟಿಡಿ ಕೋಡನ್ನೇ ಹೆಸರಾಗಿಸಿಕೊಂಡ ಅದೇ ಲೌಂಜು. ಕೆಟ್ಟದ್ದೇನಲ್ಲ. ಆದರೆ ನಾವು ಮಾತಾಡುತ್ತಿರುವ ವರ್ಗದ್ದೂ ಅಲ್ಲ. ಅಂದಮೇಲೆ ನಿಜವಾದ ಆಯ್ಕೆ ಇರುವುದು ವಿಮಾನ ಬದಲಿಸುವ ಮಧ್ಯದ ಊರಿನಲ್ಲಿ.

ಬೆಂಗಳೂರಿನಿಂದಲೇ ಫಸ್ಟ್ ಕ್ಲಾಸ್ ಸಿಗುವುದು ಮುಖ್ಯವಾಗಿ ಎಮಿರೇಟ್ಸ್, ಲುಫ್ತಾನ್ಸಾ, ಬ್ರಿಟಿಷ್ ಏರ್‌ವೇಸ್ ಮೂರರಲ್ಲಿ. ಎಮಿರೇಟ್ಸ್ 2022ರ ಅಕ್ಟೋಬರ್ 30ರಿಂದ ಬೆಂಗಳೂರಿಗೆ ಎರಡು ಮಹಡಿಯ ದೊಡ್ಡ ಎ380 ವಿಮಾನವನ್ನೇ ತರುತ್ತಿದೆ. ಉಳಿದ ಎರಡರಲ್ಲಿ ಸೀಸನ್ ನೋಡಿಕೊಂಡು ವಿಮಾನ ಬದಲಾಗುತ್ತದೆ, ಬದಲಾದ ವಿಮಾನದಲ್ಲಿ ಫಸ್ಟ್ ಕ್ಲಾಸೇ ಇಲ್ಲದಿರಬಹುದು. ಸಿಂಗಪುರ, ಕತಾರ್ ಏರ್‌ಲೈನುಗಳಲ್ಲಿ ಬೆಂಗಳೂರಿನಿಂದ ಬಿಸಿನೆಸ್‌ನಲ್ಲಿ ಹೋಗಿ ಮುಂದಿನ ವಿಮಾನಕ್ಕೆ ಫಸ್ಟ್ ಹತ್ತಬೇಕು.

ಯಾವ ತುಂಡಿಗೆ ಫಸ್ಟ್ ಹಾಕಿಸಬೇಕು

ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ, ಆಮೇಲೆ ಲೌಂಜ್ ಬಾಗಿಲಲ್ಲಿ ನಿಂತು ಮಗನಿಗೆ ಫೋನ್ ಮಾಡುತ್ತಾರೆ. ಹೋಗಿ ಬರುವ ನಾಲ್ಕು ಹಾರಾಟಕ್ಕೂ ಫಸ್ಟ್ ಸಿಗುವುದು, ಅದೂ ಮೈಲುಗಳಲ್ಲಿ ಸಿಗುವುದು, ಅಪರೂಪ. ಒಂದೋ ಎರಡೋ ತುಂಡಿಗೆ ಸಿಗುತ್ತದೆ. ಲೌಂಜಿನವರು ಸಾಮಾನ್ಯವಾಗಿ ನೋಡುವುದು ನೀವು ಯಾವುದರಲ್ಲಿ ಬಂದಿರಿ ಎಂದಲ್ಲ, ಇಲ್ಲಿಂದ ಯಾವುದರಲ್ಲಿ ಹೊರಡುತ್ತೀರಿ ಎಂದು. ಬಂದ ಟಿಕೆಟ್ಟಿಗೂ ಬೆಲೆ ಕೊಡುವ ಏರ್‌ಲೈನುಗಳಿವೆ, ಆದರೆ ಅದನ್ನು ನಂಬಿ ಪ್ಲಾನ್ ಮಾಡಬೇಡಿ.

ಶಿಕಾಗೋದ ಮಗಳ ಮನೆಗೆ ಹೊರಟ ಗಂಡ-ಹೆಂಡತಿ ಎಂದುಕೊಳ್ಳಿ. ಬೆಂಗಳೂರು–ದುಬೈ ಸುಮಾರು 4 ಗಂಟೆ, ದುಬೈ–ಶಿಕಾಗೋ 15 ಗಂಟೆಗೂ ಹೆಚ್ಚು. ಹೋಗುವಾಗ ದುಬೈಯಿಂದ ಮುಂದಕ್ಕೆ ಫಸ್ಟ್ ಇದ್ದರೆ ಉದ್ದದ ಹಾರಾಟದಲ್ಲಿ ಮಲಗಿಕೊಂಡೂ ಹೋಗಬಹುದು, ದುಬೈ ಲೌಂಜೂ ಸಿಗುತ್ತದೆ. ಬರುವಾಗಿನ ಲೆಕ್ಕ ಬೇರೆ. ದುಬೈ–ಬೆಂಗಳೂರು ತುಂಡಿಗಷ್ಟೇ ಫಸ್ಟ್ ಇದ್ದರೂ ಸಾಕು, ಅದೇ ಲೌಂಜು, ಅದೇ ಊಟ, ಅದೇ ಸ್ನಾನ. ಲೌಂಜ್ ನೋಡಬೇಕೆಂಬ ಆಸೆ ಇದ್ದು ಬಜೆಟ್ ಬಿಗಿಯಾಗಿದ್ದರೆ ನಾನು ಹೇಳುವ ಮೊದಲ ಉಪಾಯ ಇದೇ. ಮೈಲುಗಳಲ್ಲಿ ಹೋಗುವವರು ಒಂದು ವಿಷಯ ತಿಳಿದಿರಬೇಕು. 2025ರಿಂದ ಎಮಿರೇಟ್ಸ್ ಫಸ್ಟ್ ಕ್ಲಾಸನ್ನು ಮೈಲುಗಳಲ್ಲಿ ಕೊಡುವುದು ಅದರ ಮೈಲು ಯೋಜನೆಯಾದ ಸ್ಕೈವಾರ್ಡ್ಸ್‌ನ ಸಿಲ್ವರ್ ಮತ್ತು ಅದರ ಮೇಲಿನ ಸದಸ್ಯರಿಗೆ ಮಾತ್ರ. ಮಗ ಬರೀ ಕೆಳಗಿನ ದರ್ಜೆಯ ಬ್ಲೂ ಸದಸ್ಯನಾಗಿದ್ದರೆ ಎಷ್ಟು ಮೈಲಿದ್ದರೂ ಕೆಲಸವಾಗದು.

ಫ್ರಾಂಕ್‌ಫರ್ಟ್: ವೀಸಾ ಇದ್ದರೆ ಇದಕ್ಕೆ ಸಾಟಿ ಇಲ್ಲ

ಲುಫ್ತಾನ್ಸಾ ಇಲ್ಲಿ ಕಟ್ಟಿರುವುದು ಲೌಂಜಲ್ಲ, ಪ್ರತ್ಯೇಕ ಟರ್ಮಿನಲ್. 2004ರ ಡಿಸೆಂಬರ್‌ನಲ್ಲಿ ತೆರೆದದ್ದು. ಒಂದನೇ ಟರ್ಮಿನಲ್ಲಿನ ಪಕ್ಕದಲ್ಲಿ ಬೇರೆಯೇ ಕಟ್ಟಡ, ತನ್ನದೇ ಸೆಕ್ಯುರಿಟಿ, ತನ್ನದೇ ಪಾಸ್‌ಪೋರ್ಟ್ ತಪಾಸಣೆ. ಬಾಗಿಲಲ್ಲಿ ಒಬ್ಬರು ನಿಮ್ಮ ಪಾಸ್‌ಪೋರ್ಟು, ಬೋರ್ಡಿಂಗ್ ಪಾಸು ತೆಗೆದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಗೇಟ್ ಯಾವುದು, ಹೊತ್ತೆಷ್ಟಾಯಿತು ಎಂಬ ಚಿಂತೆ ಅವರದು. ಹೊರಡುವ ಹೊತ್ತಾದಾಗ ಅವರೇ ಬಂದು ಮೆಲ್ಲಗೆ ಹೆಸರು ಕರೆಯುತ್ತಾರೆ. ಲಿಫ್ಟಿನಲ್ಲಿ ಕೆಳಗಿಳಿದರೆ ಕಾರು. ಮರ್ಸಿಡಿಸೋ ಪೋರ್ಷೆಯೋ, ವಿಮಾನಗಳ ರೆಕ್ಕೆಯ ಪಕ್ಕದಲ್ಲೇ ಹಾದು ನಿಮ್ಮ ವಿಮಾನದ ಬುಡಕ್ಕೆ ತಂದು ಬಿಡುತ್ತದೆ. ನೂರಾರು ಜನರ ಬೋರ್ಡಿಂಗ್ ಸಾಲು ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ವಿನ್ಯಾಸ ಎಂದರೆ ನನ್ನ ಲೆಕ್ಕದಲ್ಲಿ ಇದು. ಒಳಗಿನ ಸೋಫಾ, ಮರದ ಗೋಡೆ ಎಲ್ಲ ದುಬಾರಿಯೇ, ಆದರೆ ಕಣ್ಣು ಕೋರೈಸುವಂಥದ್ದೇನೂ ಇಲ್ಲ; ಒಳ್ಳೆಯ ಜರ್ಮನ್ ಆಫೀಸಿನಂತೆಯೇ ಕಾಣುತ್ತದೆ ಎಂದು ಮೂಗು ಮುರಿದವರೂ ಇದ್ದಾರೆ. ಇದನ್ನು ಯೋಚಿಸಿದವರು ಖರ್ಚು ಮಾಡಿರುವುದು ಗೋಡೆಯ ಮೇಲಲ್ಲ, ಪ್ರಯಾಣಿಕ ನಡೆಯಬೇಕಾದ ದೂರವನ್ನು ಕಡಿಮೆ ಮಾಡುವುದರ ಮೇಲೆ. ಮಂಡಿನೋವಿನವರಿಗೆ ಇದಕ್ಕಿಂತ ದೊಡ್ಡ ಸೌಲಭ್ಯ ಬೇರೊಂದಿಲ್ಲ.

ಊಟ ಮೆನು ಕೊಟ್ಟು ಕೇಳಿ ತಂದುಕೊಡುವಂಥದ್ದು, ಬಫೆಯೂ ಇದೆ. ಸಿಗಾರ್ ಸೇದುವವರಿಗೆ ಗಾಜಿನ ಕೋಣೆ, ಕುಡಿಯುವವರಿಗೆ ಉದ್ದ ಬಾರು. ಸ್ನಾನದ ಕೋಣೆಯಲ್ಲಿ ಶವರ್ ಮಾತ್ರವಲ್ಲ, ಮೈ ಚಾಚಿ ಮಲಗುವಷ್ಟು ಉದ್ದದ ಬಾತ್‌ಟಬ್. ಅದರ ಅಂಚಿನಲ್ಲಿ ಒಂದು ರಬ್ಬರ್ ಬಾತುಕೋಳಿ ಇಟ್ಟಿರುತ್ತಾರೆ. ಅದು ನಿಮಗೇ, ಮನೆಗೆ ಒಯ್ಯಬಹುದು. ಆಗಾಗ ಬಣ್ಣ, ವೇಷ ಬದಲಾಯಿಸುತ್ತಾರೆ, ಅದನ್ನು ಕೂಡಿಹಾಕುವ ಹುಚ್ಚಿನವರು ಲೋಕದ ತುಂಬ ಇದ್ದಾರೆ. ಮೊಮ್ಮಗನಿಗೆ ತಂದ ಆ ಬಾತುಕೋಳಿ ಕೊನೆಗೆ ಅಜ್ಜನ ಶೋಕೇಸಿನಲ್ಲೇ ಕೂತದ್ದನ್ನು ವಿದ್ಯಾನಗರದ ಒಂದು ಮನೆಯಲ್ಲಿ ಕಂಡಿದ್ದೇನೆ.

ಈಗ ತೊಡಕು. ಆ ಕಟ್ಟಡ ಇರುವುದು ಇಮಿಗ್ರೇಷನ್ನಿನ ಆಚೆ. ಬೆಂಗಳೂರಿನಿಂದ ಬಂದು ಅಮೆರಿಕಕ್ಕೆ ಹೋಗುವವರು ಅಲ್ಲಿಗೆ ಹೋಗಬೇಕೆಂದರೆ ಜರ್ಮನಿಯೊಳಗೆ ಕಾಲಿಟ್ಟಂತೆಯೇ, ಅದಕ್ಕೆ ಷೆಂಗೆನ್ ವೀಸಾ ಬೇಕು. ಭಾರತೀಯ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇದ್ದರೆ ಸಾಲದು, ಗ್ರೀನ್ ಕಾರ್ಡ್ ಇದ್ದರೂ ಸಾಲದು. ಅಮೆರಿಕದ ಪೌರತ್ವ ಪಡೆದ ಮಗ ಸಲೀಸಾಗಿ ಹೋಗುತ್ತಾನೆ, ಜೊತೆಗಿದ್ದ ಅಪ್ಪನನ್ನು ನಿಲ್ಲಿಸುತ್ತಾರೆ. ವೀಸಾ ಇಲ್ಲದವರಿಗೆ ಟರ್ಮಿನಲ್ ಒಳಗೇ, ಬಿ ಗೇಟುಗಳ ಕಡೆ, ಬೇರೆ ಫಸ್ಟ್ ಕ್ಲಾಸ್ ಲೌಂಜ್ ಇದೆ. ಊಟ, ಸ್ನಾನ ಅಲ್ಲೂ ಚೆನ್ನಾಗಿಯೇ ಇದೆ. ಆದರೆ ಮನೆಯಲ್ಲಿ ಕೂತು ವಿಡಿಯೋದಲ್ಲಿ ನೋಡಿದ್ದು ಆ ಪ್ರತ್ಯೇಕ ಕಟ್ಟಡವನ್ನು ಎಂಬುದು ನೆನಪಿರಲಿ. ಎರಡು ವಿಮಾನಗಳ ನಡುವಿನ ಹೊತ್ತು ಎರಡು ಗಂಟೆಗಿಂತ ಕಡಿಮೆ ಇದ್ದರೆ ವೀಸಾ ಇದ್ದರೂ ಆ ಕಡೆ ಹೋಗುವ ಸಾಹಸ ಬೇಡ. ನಾಲ್ಕು ಗಂಟೆ ಇದ್ದರೆ ಬಿಡಬೇಡಿ.

ದುಬೈ: ಎಲ್ಲ ಇದೆ, ಕಾಲು ಗಟ್ಟಿ ಇರಬೇಕು

ಮೂರನೇ ಟರ್ಮಿನಲ್ಲಿನ ಕಾನ್‌ಕೋರ್ಸ್ ಎ (ವಿಮಾನ ಹತ್ತುವ ಗೇಟುಗಳಿರುವ ಕಟ್ಟಡ) 2013ರ ಜನವರಿಯಲ್ಲಿ ಶುರುವಾಯಿತು. ಎ380 ವಿಮಾನಗಳಿಗೆಂದೇ ಕಟ್ಟಿದ ಜಗತ್ತಿನ ಮೊದಲ ಕಟ್ಟಡ ಅದು, 20 ಎ380ಗಳು ಒಟ್ಟಿಗೆ ನಿಲ್ಲುವಷ್ಟು ಜಾಗ. ಫಸ್ಟ್ ಕ್ಲಾಸ್ ಲೌಂಜು ಅದರ ಒಂದಿಡೀ ಮಹಡಿ. ಈ ತುದಿಯಿಂದ ನೋಡಿದರೆ ಆ ತುದಿಯ ಮನುಷ್ಯ ಕಾಣುವುದಿಲ್ಲ. ಒಳಗೇ ಡ್ಯೂಟಿ ಫ್ರೀ ಅಂಗಡಿ, ವೈನ್ ಮಳಿಗೆ, ಸಿಗಾರ್ ಬಾರ್, ಪ್ರಾರ್ಥನಾ ಕೋಣೆ, ಮಲಗುವ ಕೋಣೆ, ನೀರಿನ ಕಾರಂಜಿ. ಟೈಮ್‌ಲೆಸ್ ಸ್ಪಾದಲ್ಲಿ ಫಸ್ಟ್ ಕ್ಲಾಸಿನವರಿಗೆ 15 ನಿಮಿಷದ ಮಸಾಜ್ ಬಿಟ್ಟಿ. ಒಳಗೆ ಹೋದ ತಕ್ಷಣ ಹೆಸರು ಬರೆಸಿ, ಊಟ ಮುಗಿಸಿ ಹೋದರೆ ಸ್ಲಾಟ್ ಇರುವುದಿಲ್ಲ.

ದುಬೈಯ ನಿಜವಾದ ಜಾಣತನ ಬೇರೆ ಕಡೆ ಇದೆ. ಕಾನ್‌ಕೋರ್ಸ್ ಎಯ ಹಲವು ಗೇಟುಗಳಲ್ಲಿ ಲೌಂಜಿನಿಂದಲೇ ನೇರವಾಗಿ ಎ380ಯ ಮೇಲ್ಮಹಡಿಗೆ ಹತ್ತಬಹುದು. ಕೆಳಗಿಳಿದು ಗೇಟಿನಲ್ಲಿ ನಿಲ್ಲುವ ಗೋಜೇ ಇಲ್ಲ. ಆದರೆ ನಿಮ್ಮ ಗೇಟು ಆ ಮಹಡಿಯ ಯಾವ ತುದಿಯಲ್ಲಿದೆ ಎಂಬುದು ಅದೃಷ್ಟ. ಮಧ್ಯದಲ್ಲಿ ಕೂತು ಊಟ ಮಾಡಿದವರು ತುದಿಯ ಗೇಟಿಗೆ ಹೋಗಲು ಜಯದೇವ ಸರ್ಕಲ್ಲಿನಿಂದ ಒಂದು ಸುತ್ತು ಹಾಕಿ ಬಂದಷ್ಟು ಸುಸ್ತಾಗುತ್ತಾರೆ. ಇನ್ನು ವಿಮಾನ ಕಾನ್‌ಕೋರ್ಸ್ ಬಿಯಿಂದ ಹೊರಡುವುದಾದರೆ ಎಯಲ್ಲಿ ಕೂರಬೇಡಿ, ರೈಲಿನಲ್ಲಿ ದಾಟಿ ಬಿಯಲ್ಲೇ ಇರುವ ಫಸ್ಟ್ ಕ್ಲಾಸ್ ಲೌಂಜಿಗೆ ಹೋಗಿ. ಬೋರ್ಡಿಂಗ್ ಪಾಸಿನಲ್ಲಿ ಗೇಟ್ ಅಕ್ಷರ ನೋಡಿಯೇ ಹೆಜ್ಜೆ ಇಡಿ.

ಅಲಂಕಾರದ ಬಗ್ಗೆ ಒಂದು ಮಾತು. ಕಂದು, ಚಿನ್ನದ ಬಣ್ಣ, ಹೊಳೆಯುವ ಕಲ್ಲು, ಒಂದೇ ಥರದ ಕುರ್ಚಿಗಳ ಗುಂಪುಗಳು ಕಣ್ಣಿಗೆ ಕಾಣುವಷ್ಟು ದೂರ. ದೊಡ್ಡದಾಗಿ ಕಟ್ಟಿದ್ದರಿಂದ ರಶ್ ಆಗುವುದು ಕಡಿಮೆ, ಅದು ನಿಜವಾದ ಲಾಭ. ಆದರೆ ಮೂಲೆ ಎಂಬುದೇ ಇಲ್ಲದ ಜಾಗದಲ್ಲಿ ನಮ್ಮವರು ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲ ಹತ್ತಿರವೇ ಕೂತು ಬಿಡುತ್ತಾರೆ. ನಾನು ಹೇಳಿ ಕಳಿಸುವುದು ಇಷ್ಟೇ: ಮೊದಲು ಗೇಟ್ ಕೇಳಿ, ಆ ಗೇಟಿನ ಕಡೆಗೇ ಹೋಗಿ ಕೂರಿ, ಊಟವನ್ನೂ ಆ ಕಡೆಯೇ ಕೇಳಿ.

ಸ್ನಾನದ ವಿಷಯದಲ್ಲಿ ದುಬೈಗೂ ಫ್ರಾಂಕ್‌ಫರ್ಟಿಗೂ ಹೋಲಿಕೆ ಹಾಕುವಾಗ ಬಹಳ ಜನ ಮರೆಯುವುದು ವಿಮಾನವನ್ನು. ಎಮಿರೇಟ್ಸ್ ಎ380ಯ ಫಸ್ಟ್ ಕ್ಲಾಸಿನಲ್ಲಿ ವಿಮಾನದೊಳಗೇ ಎರಡು ಶವರ್ ಕೋಣೆಗಳಿವೆ, ಒಬ್ಬರಿಗೆ 5 ನಿಮಿಷ ನೀರು. ಮೋಡದ ಮೇಲೆ ಸ್ನಾನ ಆಗುತ್ತದೆ ಎಂದಾದರೆ ಲೌಂಜಿನಲ್ಲಿ ಆ ಹೊತ್ತನ್ನು ನಿದ್ದೆಗೆ ಕೊಡಿ. ಲುಫ್ತಾನ್ಸಾ ವಿಮಾನದಲ್ಲಿ ಶವರ್ ಇಲ್ಲ, ಆದ್ದರಿಂದ ಅಲ್ಲಿ ಬಾತ್‌ಟಬ್ಬೇ ಮೊದಲ ಕೆಲಸ.

ದುಬೈಯ ಕೊನೆಯ ಮತ್ತು ದೊಡ್ಡ ಗುಣ, ವೀಸಾ ಬೇಡ. ನಿಲ್ದಾಣದ ಒಳಗೇ ವಿಮಾನ ಬದಲಿಸುವವರನ್ನು ಯಾರೂ ತಡೆಯುವುದಿಲ್ಲ. ಮೊದಲ ಸಲ ಹೊರದೇಶಕ್ಕೆ ಹೊರಟ, ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ದುಬೈಯನ್ನೇ. ಹಿಂದಿ ಬಲ್ಲವರಾದರೆ ಯಾರನ್ನಾದರೂ ಕೇಳಿ ದಾರಿ ಮಾಡಿಕೊಳ್ಳುತ್ತಾರೆ.

ಲಂಡನ್: ಚಿಕ್ಕ ಕೋಣೆ, ದೊಡ್ಡ ಗೊಂದಲ

ಹೀಥ್ರೂದ ಐದನೇ ಟರ್ಮಿನಲ್ 2008ರ ಮಾರ್ಚ್‌ನಲ್ಲಿ ತೆರೆಯಿತು, ಬ್ರಿಟಿಷ್ ಏರ್‌ವೇಸ್‌ನ ಕಾನ್‌ಕಾರ್ಡ್ ರೂಮ್ ಇರುವುದು ಅಲ್ಲಿ. 2003ರಲ್ಲಿ ಹಾರಾಟ ನಿಲ್ಲಿಸಿದ ಕಾನ್‌ಕಾರ್ಡ್ ವಿಮಾನದ ಹೆಸರು. ಗೊಂಚಲು ದೀಪ, ಬೆಂಕಿಗೂಡು, ಚರ್ಮದ ಕುರ್ಚಿ, ಇಬ್ಬರು ಕೂತು ಊಟ ಮಾಡುವ ಮರೆಯ ಬೂತುಗಳು. ಹಳೆಯ ಇಂಗ್ಲಿಷ್ ಕ್ಲಬ್ಬಿನ ಗತ್ತು. ಸವೆದ ಅಂಚುಗಳೂ ಅಲ್ಲಲ್ಲಿ ಕಾಣುತ್ತವೆ ಎಂಬ ದೂರು ಇದೆ, ನನಗೆ ಅದು ದೊಡ್ಡದೆನಿಸಿಲ್ಲ. ಜಾಗ ಚಿಕ್ಕದು, ಕೇಳಿದ್ದು ಬೇಗ ಬರುತ್ತದೆ.

ಗೊಂದಲ ಏನೆಂದರೆ ಪಕ್ಕದಲ್ಲೇ "ಫಸ್ಟ್ ಲೌಂಜ್" ಎಂಬ ಹೆಸರಿನ ಇನ್ನೊಂದಿದೆ. ಅದು ಪದೇ ಪದೇ ಹಾರುವ ಗೋಲ್ಡ್ ಕಾರ್ಡಿನವರಿಗೂ ತೆರೆದಿರುತ್ತದೆ, ಹಾಗಾಗಿ ಗದ್ದಲ ಜಾಸ್ತಿ. ಫಸ್ಟ್ ಕ್ಲಾಸ್ ಟಿಕೆಟ್ ಹಿಡಿದು ಹೆಸರು ನೋಡಿ ಅಲ್ಲಿಗೇ ನುಗ್ಗಿ, ಇಷ್ಟೇನಾ ಎಂದುಕೊಂಡು ಬಂದವರು ನನಗೆ ಗೊತ್ತು. ಬಾಗಿಲಲ್ಲಿ "ಕಾನ್‌ಕಾರ್ಡ್ ರೂಮ್" ಎಂದೇ ಕೇಳಿ. 2017ರಲ್ಲಿ ಫಸ್ಟ್ ವಿಂಗ್ ಎಂಬ ಪ್ರತ್ಯೇಕ ಚೆಕ್-ಇನ್, ಸೆಕ್ಯುರಿಟಿ ಮಾಡಿದರು. ಅದರ ಲಾಭ ಲಂಡನ್ನಿನಿಂದಲೇ ಹೊರಡುವವರಿಗೆ; ಬೆಂಗಳೂರಿನಿಂದ ಬಂದು ವಿಮಾನ ಬದಲಿಸುವವರು ಎಲ್ಲರಂತೆ ಟ್ರಾನ್ಸ್‌ಫರ್ ಸೆಕ್ಯುರಿಟಿಯಲ್ಲೇ ಬರಬೇಕು.

ಐದನೇ ಟರ್ಮಿನಲ್ಲಿಗೆ ಎ, ಬಿ, ಸಿ ಎಂದು ಮೂರು ಕಟ್ಟಡಗಳಿವೆ, ನೆಲದಡಿಯ ರೈಲು ಜೋಡಿಸುತ್ತದೆ. ಕಾನ್‌ಕಾರ್ಡ್ ರೂಮ್ ಎಯಲ್ಲಿ. ದೂರದ ಹಾರಾಟಗಳು ಬಿ, ಸಿಯಿಂದ ಹೊರಡುವುದು ಮಾಮೂಲು, ಇಪ್ಪತ್ತು ನಿಮಿಷ ಕೈಯಲ್ಲಿಟ್ಟುಕೊಂಡೇ ಏಳಿ. ಭಾರತೀಯ ಪಾಸ್‌ಪೋರ್ಟಿಗೆ ಬ್ರಿಟನ್ನಿನಲ್ಲಿ ಟ್ರಾನ್ಸಿಟ್ ವೀಸಾ ಬೇಕೆಂಬ ನಿಯಮ ಇದೆ. ಚಾಲ್ತಿಯಲ್ಲಿರುವ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ವೀಸಾ ಇದ್ದವರಿಗೆ ವಿನಾಯಿತಿ. ಹೊರಡುವ ವಾರ ಇನ್ನೊಮ್ಮೆ ಏರ್‌ಲೈನಿನಲ್ಲಿ ಕೇಳಿಕೊಳ್ಳಿ.

ಉಳಿದವು

ದೋಹಾದಲ್ಲಿ ಕತಾರ್ ಏರ್‌ವೇಸ್‌ನ ಫಸ್ಟ್ ಕ್ಲಾಸ್ ಲೌಂಜಾದ ಅಲ್ ಸಫ್ವಾವನ್ನು ನೋಡಲಿಕ್ಕೆಂದೇ ಹೋಗಬೇಕು. ಹಮದ್ ನಿಲ್ದಾಣ 2014ರಲ್ಲಿ ಶುರುವಾದದ್ದು. ಈ ಲೌಂಜನ್ನು ಐ.ಎಂ. ಪೇ ವಿನ್ಯಾಸದ ಇಸ್ಲಾಮಿಕ್ ಕಲೆಯ ಮ್ಯೂಸಿಯಂನ ಛಾಯೆಯಲ್ಲಿ ಕಟ್ಟಿದ್ದಾರೆ. ತಲೆ ಎತ್ತಿ ನೋಡುವಷ್ಟು ಎತ್ತರದ ಮರಳುಬಣ್ಣದ ಕಲ್ಲುಗೋಡೆ, ಮಧ್ಯದಲ್ಲಿ ನೀರು, ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಕಲಾವಸ್ತುಗಳು. ಜನ ಕಡಿಮೆ, ಮಲಗುವ ಕೋಣೆಗಳಿವೆ. ಇಷ್ಟಿದ್ದೂ ಒಂದು ಗಂಟೆಯಾದ ಮೇಲೆ ಮ್ಯೂಸಿಯಂ ನೋಡಿ ಮುಗಿಸಿ ಬಸ್ಸಿಗೆ ಕಾಯುತ್ತಿರುವ ಭಾವ ಬರುತ್ತದೆ. ದೂರದ ಹಾರಾಟಗಳಲ್ಲಿ ಕತಾರ್‌ಗೆ ಫಸ್ಟ್ ಕ್ಲಾಸ್ ಇರುವುದು ಎ380ಯಲ್ಲಿ ಮಾತ್ರ, ಆ ವಿಮಾನ ಹೋಗುವ ಊರುಗಳೂ ಬೆರಳೆಣಿಕೆ. ಕತಾರ್ ಬಿಸಿನೆಸ್ ಟಿಕೆಟ್ಟಿಗೆ ಅಲ್ ಮುರ್ಜಾನ್ ಎಂಬ ಬೇರೆ ಲೌಂಜ್, ಅದನ್ನೇ ಅಲ್ ಸಫ್ವಾ ಎಂದುಕೊಳ್ಳಬೇಡಿ.

ಸಿಂಗಪುರದ ಮೂರನೇ ಟರ್ಮಿನಲ್ಲಿನಲ್ಲಿ ಬಿಸಿನೆಸ್ ಲೌಂಜು, ಅದರಾಚೆ ಫಸ್ಟ್ ಕ್ಲಾಸ್ ಲೌಂಜು, ಅದರೊಳಗೆ ಇನ್ನೊಂದು ಬಾಗಿಲು ದಾಟಿದರೆ ದಿ ಪ್ರೈವೇಟ್ ರೂಮ್. ಆ ಒಳಬಾಗಿಲು ಸಿಂಗಪುರ ಏರ್‌ಲೈನ್ಸ್‌ನ ಸ್ವೀಟ್ಸ್ (Suites) ಮತ್ತು ಫಸ್ಟ್ ಕ್ಲಾಸಿನಲ್ಲಿ ಹೊರಡುವವರಿಗೆ ಮಾತ್ರ. ಹೊರಸುತ್ತು, ಒಳಸುತ್ತು ಎಂದು ಜನರನ್ನು ಸೋಸುವ ಈ ಪದ್ಧತಿ ಹೊಸದೇನಲ್ಲ: 1939ರಲ್ಲಿ ನ್ಯೂಯಾರ್ಕಿನ ಲಗಾರ್ಡಿಯಾದಲ್ಲಿ ಅಮೆರಿಕನ್ ಏರ್‌ಲೈನ್ಸ್ ತೆರೆದ ಅಡ್ಮಿರಲ್ಸ್ ಕ್ಲಬ್, ಏರ್‌ಲೈನ್ ಲೌಂಜುಗಳಲ್ಲೇ ಮೊದಲನೆಯದು, ಆಹ್ವಾನ ಇದ್ದವರಿಗೆ ಮಾತ್ರ ತೆರೆದಿತ್ತು. ಪ್ರೈವೇಟ್ ರೂಮಿನಲ್ಲಿ ಊಟ ಅಚ್ಚುಕಟ್ಟು, ಸಿಬ್ಬಂದಿ ಅದಕ್ಕಿಂತ ಅಚ್ಚುಕಟ್ಟು. ಆಸ್ಟ್ರೇಲಿಯಾದ ಮಕ್ಕಳ ಮನೆಗೆ ಹೋಗುವವರಿಗೆ ಇದು ಸರಿ.

ಬರೀ ವಿನ್ಯಾಸ ನೋಡುವುದಾದರೆ ನನ್ನ ಮತ ಹಾಂಗ್‌ಕಾಂಗಿನ ದಿ ಪಿಯರ್‌ಗೆ. ಕ್ಯಾಥೆ ಪೆಸಿಫಿಕ್‌ಗಾಗಿ ಇಲ್ಸೆ ಕ್ರಾಫರ್ಡ್ ಮಾಡಿದ್ದು, 2015ರಲ್ಲಿ ತೆರೆದದ್ದು. ಹಾಲ್ ಕಟ್ಟದೆ ಮನೆ ಕಟ್ಟಿದ್ದಾರೆ: ಒಂದು ಓಣಿ, ಅದರ ಪಕ್ಕದಲ್ಲಿ ಊಟದ ಕೋಣೆ, ಓದುವ ಕೋಣೆ, ತಿಂಡಿ ಇಟ್ಟ ಕೋಣೆ, ಒಂದೊಂದರ ಬೆಳಕೂ ಬೇರೆ. ಪಾದ ಒತ್ತುವವರಿದ್ದಾರೆ, ಬಿಟ್ಟಿ. ಸಿಡ್ನಿಯಲ್ಲಿ ಕ್ವಾಂಟಾಸ್‌ನದು ಮಾರ್ಕ್ ನ್ಯೂಸನ್ ವಿನ್ಯಾಸ, 2007ರದ್ದು; ಪ್ಯಾಟ್ರಿಕ್ ಬ್ಲಾಂಕ್ ಬೆಳೆಸಿದ 8,400 ಗಿಡಗಳ ಹಸಿರು ಗೋಡೆಯ ಮುಂದೆ ಕೂರಬಹುದು. ಪ್ಯಾರಿಸ್ಸಿನಲ್ಲಿ ಏರ್ ಫ್ರಾನ್ಸ್‌ನ ಲಾ ಪ್ರೀಮಿಯರ್ ಊಟಕ್ಕೆ ಹೆಸರಾದದ್ದು, ಫ್ರೆಂಚ್ ಬಾಣಸಿಗ ಅಲೇನ್ ದುಕಾಸ್‌ರ ಮೆನು, ವಿಮಾನಕ್ಕೆ ಕಾರು. ನಮ್ಮ ಕಡೆಯಿಂದ ಅದನ್ನು ಕೇಳಿದವರು ಕಡಿಮೆ, ಬೆಲೆ ಕೇಳಿದ ಮೇಲೆ ಇನ್ನೂ ಕಡಿಮೆ.

ಊಟ

ನಮ್ಮೂರಿನವರಲ್ಲಿ ಅರ್ಧಕ್ಕರ್ಧ ಜನ ಮೊಟ್ಟೆ ಕೂಡ ಮುಟ್ಟದವರು. ಟಿಕೆಟ್ ಮಾಡುವಾಗ ನಾವು ಹಾಕುವ ಎವಿಎಂಎಲ್ ಅಂದರೆ ಭಾರತೀಯ ಸಸ್ಯಾಹಾರ, ವಿಜೆಎಂಎಲ್ ಅಂದರೆ ಜೈನ ಊಟ. ಈ ಕೋಡುಗಳು ವಿಮಾನದ ಊಟಕ್ಕೆ ಮಾತ್ರ, ಲೌಂಜಿನ ಅಡುಗೆಮನೆಗೆ ಅವು ತಲುಪುವುದಿಲ್ಲ. ಅಲ್ಲಿ ಹೋಗಿ ಬಾಯಿಬಿಟ್ಟು ಹೇಳಬೇಕು. ಈ ವಿಷಯದಲ್ಲಿ ಮೆನು ಕೊಟ್ಟು ಕೇಳುವ ಲೌಂಜ್ ಬಫೆಗಿಂತ ಸಾವಿರ ಪಾಲು ಮೇಲು. ಬಫೆಯಲ್ಲಿ ಚೀಟಿ ಓದಿ ಊಹಿಸಬೇಕು, ಟೇಬಲ್ಲಿನಲ್ಲಿ "ನೋ ಮೀಟ್, ನೋ ಫಿಶ್, ನೋ ಎಗ್" ಅಂದರೆ ಅಡುಗೆಯವರೇ ಏನಾದರೂ ಮಾಡಿಕೊಡುತ್ತಾರೆ. "ವೆಜಿಟೇರಿಯನ್" ಎಂದಷ್ಟೇ ಹೇಳಿದರೆ ಯುರೋಪಿನಲ್ಲಿ ಆಮ್ಲೆಟ್ ತಂದಿಡುತ್ತಾರೆ. ದುಬೈಯಲ್ಲಿ ದಾಲ್, ಪನೀರ್ ಎಂದರೆ ವಿವರಿಸುವ ಕೆಲಸವಿಲ್ಲ. ಎಲ್ಲಾದರೂ ದೋಸೆ ಕಂಡರೆ ತಿನ್ನಿ, ಆದರೆ ಬೆಣ್ಣೆ ದೋಸೆ ತಿಂದು ಬೆಳೆದವರು ಅದರ ಬಗ್ಗೆ ಮನೆಗೆ ಫೋನ್ ಮಾಡಿ ಅಭಿಪ್ರಾಯ ಹೇಳುವುದು ಬೇಡ.

ಹೊರಡುವ ಮುನ್ನ ನಾಲ್ಕು ಮಾತು

ಈ ದರ್ಜೆಯ ಲೌಂಜ್‌ಗಳಲ್ಲಿ ಬೋರ್ಡಿಂಗ್ ಕೂಗುವುದು ಕಡಿಮೆ. ನಿಶ್ಶಬ್ದವಾಗಿರಲಿ ಎಂಬುದೂ ವಿನ್ಯಾಸದ ಭಾಗವೇ. ಕೂತಲ್ಲೇ ಜೊಂಪು ಹತ್ತಿದರೆ ವಿಮಾನ ಹೋಗಿಬಿಡಬಹುದು. ಒಳಗೆ ಹೋದಾಗಲೇ ಕೌಂಟರಿನಲ್ಲಿ "ಎಬ್ಬಿಸಿ" ಎಂದು ಹೇಳಿ, ಎಲ್ಲಿ ಕೂತಿದ್ದೀರೆಂದು ತೋರಿಸಿ.

ವೀಲ್‌ಚೇರ್ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಹೇಳಿ. ಮೂರು ಬಗೆಯ ಕೋಡುಗಳಿವೆ: ದೂರ ನಡೆಯಲಾರೆ ಎಂದರೆ ಡಬ್ಲ್ಯುಸಿಎಚ್ಆರ್, ಮೆಟ್ಟಿಲೂ ಹತ್ತಲಾರೆ ಎಂದರೆ ಡಬ್ಲ್ಯುಸಿಎಚ್ಎಸ್, ಸೀಟಿನವರೆಗೂ ಕರೆದೊಯ್ಯಬೇಕೆಂದರೆ ಡಬ್ಲ್ಯುಸಿಎಚ್‌ಸಿ. ದೊಡ್ಡ ನಿಲ್ದಾಣಗಳಲ್ಲಿ ತಳ್ಳುವ ಹುಡುಗ ನಿಮ್ಮ ಟಿಕೆಟ್ ಯಾವ ದರ್ಜೆಯದೆಂದು ನೋಡುವುದಿಲ್ಲ, ವೀಲ್‌ಚೇರಿನವರೆಲ್ಲ ಕಾಯುವ ಜಾಗಕ್ಕೆ ತಂದು ನಿಲ್ಲಿಸಿ ಹೋಗುತ್ತಾನೆ. ಬೋರ್ಡಿಂಗ್ ಪಾಸ್ ತೋರಿಸಿ "ಫಸ್ಟ್ ಕ್ಲಾಸ್ ಲೌಂಜ್" ಎಂದು ಎರಡು ಸಲ ಹೇಳಿ. ಸಂಕೋಚಪಟ್ಟು ಸುಮ್ಮನಿದ್ದರೆ ಮಗ ಕೊಟ್ಟ ಮೈಲುಗಳು ಅಲ್ಲೇ ಮುಗಿದವು.

ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಸೂಟ್‌ಕೇಸಿಗೆ ಹಾಕಿ. ಬೆಂಗಳೂರಿನಲ್ಲೇ 100 ಮಿಲಿಯ ನಿಯಮ ಹೇಳಿ ತೆಗೆಸುತ್ತಾರೆ, ಮಧ್ಯದ ಊರಿನಲ್ಲಿ ಇನ್ನೊಮ್ಮೆ ಸೆಕ್ಯುರಿಟಿ ಇದೆ, ಫಸ್ಟ್ ಕ್ಲಾಸ್ ಟಿಕೆಟ್ಟಿಗೆ ಅಲ್ಲಿ ಮುಲಾಜಿಲ್ಲ. ಶೇಂಗಾ ಚಟ್ನಿಪುಡಿ ಒಯ್ಯಬಹುದು, ಆದರೆ ಅಮೆರಿಕದ ವಿಮಾನಕ್ಕೆ ಸುಮಾರು 350 ಮಿಲಿ ಡಬ್ಬಿಗಿಂತ ಹೆಚ್ಚು ಪುಡಿ ಕೈಯಲ್ಲಿದ್ದರೆ ಬಿಚ್ಚಿಸಿ ನೋಡುತ್ತಾರೆ. ಅದನ್ನೂ ಸೂಟ್‌ಕೇಸಿಗೇ ಹಾಕಿ.